ಪಾಲಿಕೆಯ ಪರಿಸರ ಪ್ರೇಮ ಕರೆಂಟ್ ಬಿಲ್ಲಿನಲ್ಲಿದೆ

ತಪ್ಪು ಕಲ್ಪನೆ: ‘ಮೇಯರ್ ಮನಸ್ಸು ಮಾಡಿದರೆ ಮಂಗಳೂರಿಗೆಲ್ಲ ಸೋಲಾರ್ ಬಂದೀತು.’

ಸತ್ಯ: ಬರಲಾರದು. ಊರಿಗೆ ಕರೆಂಟ್ ಕೊಡುವುದು ಪಾಲಿಕೆಯಲ್ಲ, ಮೆಸ್ಕಾಂ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆಂದು 18 ವಿಷಯಗಳಿವೆ. ಪರಿಸರ ಸಂರಕ್ಷಣೆ ಇದೆ, ಬೀದಿದೀಪ ಇದೆ. ವಿದ್ಯುತ್ ವಿತರಣೆ ಇಲ್ಲ. ತಾರಸಿ ಮೇಲೆ ಪ್ಯಾನೆಲ್ ಹಾಕಿಸಿ, ಮಿಕ್ಕಿದ ಕರೆಂಟನ್ನು ಗ್ರಿಡ್‌ಗೆ ಬಿಡುವವರು ಲಾಲ್‌ಬಾಗ್‌ನ ಪಾಲಿಕೆ ಕಚೇರಿಯ ಮೆಟ್ಟಿಲು ಹತ್ತಿ ಪ್ರಯೋಜನವಿಲ್ಲ. 2024ರಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ ಮನೆಗೆ ಸಿಗುವ ಗರಿಷ್ಠ 78,000 ರೂಪಾಯಿ ಸಬ್ಸಿಡಿಯೂ ಕೇಂದ್ರ ಸರಕಾರದ್ದೇ.

ಹಾಗೆಂದು ಪಾಲಿಕೆ ಕೈಕಟ್ಟಿ ಕೂರಬೇಕಾಗಿಲ್ಲ. ಅದು ಕರೆಂಟಿನ ದೊಡ್ಡ ಗಿರಾಕಿ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿ ತಾನಾಗಿ ಗುಡ್ಡ ಹತ್ತಿ ನಮ್ಮ ನಳ್ಳಿಗೆ ಬರುವುದಿಲ್ಲ. ಹಗಲೂ ರಾತ್ರಿ ಪಂಪು ಓಡಬೇಕು. ರಸ್ತೆಯಡಿ ಸೋರಿಹೋಗುವ ಪ್ರತಿ ಕೊಡ ನೀರಿನ ಜೊತೆ ಅದನ್ನು ಮೇಲೆತ್ತಿದ ಕರೆಂಟೂ ಸೋರುತ್ತದೆ. ಹಳೆ ಪೈಪು ಬದಲಿಸುವುದು, ಪಂಪು ಬದಲಿಸುವುದು, ಬೀದಿಗೆ ಎಲ್‌ಇಡಿ ಹಾಕುವುದು: ಪಾಲಿಕೆಯ ಇಂಧನ ನೀತಿ ಎಂದರೆ ಇಷ್ಟೇ, ಇದು ಸಣ್ಣದೂ ಅಲ್ಲ. ಎಲ್‌ಇಡಿಗೆ ಮೊದಲೇ ದುಡ್ಡು ಹೊಂದಿಸಬೇಕೆಂದೂ ಇಲ್ಲ. ಗುತ್ತಿಗೆದಾರರೇ ಬಂಡವಾಳ ಹಾಕಿ, ಬಿಲ್ಲಿನಲ್ಲಿ ಉಳಿದ ಹಣದಿಂದ ವರ್ಷಗಟ್ಟಲೆ ವಸೂಲು ಮಾಡಿಕೊಳ್ಳುವ ಪದ್ಧತಿ ದೇಶದಲ್ಲಿ ಚಾಲ್ತಿಯಲ್ಲಿದೆ. ಸೋಲಾರ್ ಪ್ಯಾನೆಲ್ ಮುಂದೆ ಫೋಟೋ ತೆಗೆಸಿಕೊಳ್ಳುವವರು ಪೈಪು ರಿಪೇರಿಯ ಹೊಂಡದ ಮುಂದೆ ನಿಲ್ಲುವುದಿಲ್ಲ, ಅದು ಬೇರೆ ಮಾತು.

ತಪ್ಪು ಕಲ್ಪನೆ: ‘ಸ್ಮಾರ್ಟ್ ಸಿಟಿ ಕೆಲಸವೆಲ್ಲ ಪಾಲಿಕೆಯದ್ದೇ.’

ಸತ್ಯ: 2016ರಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಮಂಗಳೂರು ಆಯ್ಕೆಯಾದ ಮೇಲೆ ಅದಕ್ಕೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಅನುದಾನದಲ್ಲಿ ಕೇಂದ್ರದ್ದು ಅರ್ಧ, ರಾಜ್ಯದ್ದು ಅರ್ಧ. ಕಂಪನಿ ಕಟ್ಟಿದ್ದನ್ನು ಮುಂದೆ ನೋಡಿಕೊಳ್ಳುವ ಖರ್ಚು ಮಾತ್ರ ಕೊನೆಗೆ ಊರಿನ ತಲೆಗೇ.

ತಪ್ಪು ಕಲ್ಪನೆ: ‘ಹಸಿಕಸ, ಒಣಕಸ ಬೇರೆ ಮಾಡಿ ಏನು ಪ್ರಯೋಜನ? ಅದು ಪಾಲಿಕೆಯ ಹೊಸ ಹುಚ್ಚು.’

ಸತ್ಯ: ಪಾಲಿಕೆಯ ಹುಚ್ಚಲ್ಲ, ಕೇಂದ್ರದ ನಿಯಮ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಮನೆಯಲ್ಲಿ ಕಸ ವಿಂಗಡಿಸುವುದನ್ನು ಕಡ್ಡಾಯ ಮಾಡಿದವು. ಮಂಗಳೂರಿಗೆ ಅದರ ಅರ್ಥ ಹೊಳೆದದ್ದು 2019ರ ಆಗಸ್ಟ್‌ನಲ್ಲಿ. ಆಟಿಯ ಮಳೆಗೆ ನೆನೆದ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನು ನುಂಗಿತು. ಜನ ಮನೆ ಬಿಟ್ಟು ಹೊರಡಬೇಕಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆ ಹಳೆಯ ಕಸಕ್ಕೆ ಕಡತಗಳಲ್ಲಿ ‘ಪಾರಂಪರಿಕ ತ್ಯಾಜ್ಯ’ ಎಂಬ ಹೆಸರು. ಅಜ್ಜ ಬಿಟ್ಟುಹೋದ ಆಸ್ತಿಯೇನೋ ಎಂಬಂತೆ! ಅದನ್ನು ಅಗೆದು, ಜರಡಿ ಹಿಡಿದು, ಮಣ್ಣು ಒಂದೆಡೆ, ಪ್ಲಾಸ್ಟಿಕ್ ಒಂದೆಡೆ ಮಾಡುವ ಕೆಲಸಕ್ಕೆ ಬಯೋಮೈನಿಂಗ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಎರಡು ಬುಟ್ಟಿ ಇಟ್ಟಿದ್ದರೆ ಆಗಿಹೋಗುತ್ತಿದ್ದ ಕೆಲಸಕ್ಕೆ ಈಗ ಯಂತ್ರ, ಟೆಂಡರು, ಕೋಟಿ ಕೋಟಿ ರೂಪಾಯಿ.