ಮೂವತ್ತೆರಡರಲ್ಲೊಂದು ಪಾಲಿನ ಎಚ್‌ಟಿ-2

ಅಚ್ಚಿನಿಂದ ಹೊರಬಂದ ಪ್ಲಾಸ್ಟಿಕ್ ಭಾಗಗಳನ್ನು ಡಬ್ಬಿಯಿಂದ ತೆಗೆದು ಜೋಡಿಸಿ ವಿಮಾನದ ಪ್ರತಿಕೃತಿಯನ್ನು ಮಾಡುವುದು ಒಂದು ವಿನೋದ. ಅಂಥ ಸಿದ್ಧಸಾಮಗ್ರಿಯೇನೂ ಇಲ್ಲದೆ, ನಕ್ಷೆ ಮತ್ತು ಛಾಯಾಚಿತ್ರಗಳನ್ನಷ್ಟೆ ಆಧಾರವಾಗಿಟ್ಟುಕೊಂಡು, ಮರ, ತಗಡು, ಪ್ಲಾಸ್ಟಿಕ್ ಹಾಳೆಗಳಿಂದ ಅದೇ ವಿಮಾನವನ್ನು ಬುಡದಿಂದ ಕಟ್ಟುವುದು ಒಂದು ವಿದ್ಯೆ. ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ಟುಗಳು ಹಲವು ಅಳತೆಗಳಲ್ಲಿ ಸುಲಭವಾಗಿ ದೊರೆಯುವುವು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಟಿ-2ರ ಮೇಲೆ ತಯಾರಕರ ದೃಷ್ಟಿ ಅಷ್ಟಾಗಿ ಬೀಳದಿರುವುದರಿಂದ, ಅದನ್ನು ಬಯಸುವವನು ಈ ವಿದ್ಯೆಗೇ ಶರಣಾಗಬೇಕು.

ಜರ್ಮನಿಯ ಗಾಟಿಂಗೆನ್ನಿನಲ್ಲಿ ವಾಯುಗತಿವಿಜ್ಞಾನಿ ಪ್ರಾಂಟಲ್‌ರ ಶಿಷ್ಯರಾಗಿದ್ದು, 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗಕ್ಕೆ ಅಸ್ತಿಭಾರ ಹಾಕಿದ ವಿ. ಎಂ. ಘಾಟಗೆಯವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆಯಲ್ಲಿ ರೂಪಿಸಿದ ಈ ಎರಡಾಸನದ ತರಬೇತಿ ವಿಮಾನವು 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಇದರ ರೆಕ್ಕೆಯ ಹರವು 10.72 ಮೀಟರ್, ಉದ್ದ 7.53 ಮೀಟರ್, ಮೂವತ್ತೆರಡರಲ್ಲೊಂದರ ಪ್ರಮಾಣಕ್ಕೆ ಇಳಿಸಿದರೆ ಮೂವತ್ತಮೂರೂವರೆ ಮತ್ತು ಇಪ್ಪತ್ತಮೂರೂವರೆ ಸೆಂಟಿಮೀಟರ್.

ಮೊದಲು ಒಡಲಿನ ಅಡ್ಡಛೇದಗಳನ್ನು ತೆಳುಹಲಗೆಯಲ್ಲಿ ಕತ್ತರಿಸಿ, ನಡುವಣ ಬೆನ್ನೆಲುಬಿಗೆ ಒಂದೊಂದಾಗಿ ಸಿಕ್ಕಿಸಿ, ಮೇಲೆ ಪಟ್ಟಿಗಳನ್ನು ಹೊದಿಸುವರು. ಮೂತಿಯನ್ನು ಕೆತ್ತುವಾಗಲೇ ಕೈಗೆ ಅರಿವಾಗುವ ಸಂಗತಿಯೊಂದುಂಟು: ಸಿರಸ್ ಮೇಜರ್ ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದಾಗಿ ಕೆಳಮುಖವಾಗಿ ತೂಗುವುದರಿಂದಲೇ ಮೂತಿ ಅಗಲ ಕಿರಿದಾಗಿ, ಪ್ರೊಪೆಲ್ಲರು ನೆಲದಿಂದ ಮೇಲಕ್ಕೆ ನಿಂತಿದೆ. ನೂರು ಚಿತ್ರಗಳನ್ನು ನೋಡಿಯೂ ಹೊಳೆಯದ ಇಂಥ ಕಾರ್ಯಕಾರಣವು ಅರದ ಉಜ್ಜಿನಲ್ಲಿ ತಾನಾಗಿ ತಿಳಿದುಬರುವುದೇ ಈ ಕಲೆಯ ಪರಮಲಾಭವೆಂದು ನಾನು ಭಾವಿಸುತ್ತೇನೆ.

ಕಠಿನವಾದುದು ವಿಮಾನದ ಹೊರಚರ್ಮದ ಕೆಲಸ. ನಿಜವಿಮಾನದಲ್ಲಿ ಒಂದು ಮಿಲಿಮೀಟರ್ ದಪ್ಪವಿರುವ ತಗಡು ಈ ಪ್ರಮಾಣದಲ್ಲಿ 0.03 ಮಿಲಿಮೀಟರಿಗೆ ಇಳಿಯಬೇಕಾದುದರಿಂದ, ಅಕ್ಷರಶಃ ಅನುಕರಣವು ಅಸಾಧ್ಯ. ಕಣ್ಣಿಗೆ ಬೀಳುವ ಅಂಚುಗಳನ್ನಾದರೂ ಕಾಗದದಂತೆ ತೆಳುಗೊಳಿಸುವುದೇ ಉಳಿದ ಉಪಾಯ. ಇದಕ್ಕೆ ಅನುಭವಿಗಳು ಆಫ್‌ಸೆಟ್ ಮುದ್ರಣಾಲಯಗಳಲ್ಲಿ ಬಳಸಿ ಬಿಟ್ಟ ಅಲ್ಯೂಮಿನಿಯಂ ಫಲಕಗಳನ್ನು ಆಯ್ದುಕೊಳ್ಳುವರು. ಫಲಕವು ಬಿರುಸಾಗಿರುವುದರಿಂದ, ಅದಕ್ಕೆ ಒಣ ಸಾಬೂನನ್ನು ಸವರಿ ಉರಿಯ ಮೇಲೆ ಹಿಡಿಯುವರು. ಸಾಬೂನಿನ ಗುರುತು ಕಂದಿ ಕಪ್ಪಾದೊಡನೆಯೆ ಲೋಹವು ಮೆತ್ತಗಾಯಿತೆಂದು ತಿಳಿದು ತೆಗೆಯುವರು. ಒಂದು ಕ್ಷಣ ತಡೆದರೆ ಅಲ್ಯೂಮಿನಿಯಂ ಕರಗಿ ಜಾರುವುದು. ಹದಗೊಂಡ ತಗಡನ್ನು ಒಡಲಿನ ಬಾಗಿಗೆ ತೀಡಿ ಒಗ್ಗಿಸಿ, ಹಲ್ಲುಗಾಲಿಯನ್ನು ಉರುಳಿಸಿ ರಿವೆಟ್ಟುಗಳ ಸಾಲನ್ನು ಮೂಡಿಸುವರು.

ಆಸನಗಳ ಮೇಲಣ ಪಾರದರ್ಶಕ ಮುಚ್ಚಳಕ್ಕೆ ಮರದ ಅಚ್ಚನ್ನು ಕೆತ್ತಿ, ಕಾಯಿಸಿದ ತಿಳಿಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆಯುವರು. ಅಚ್ಚಿನಲ್ಲಿ ಮರದ ಒಂದೇ ಒಂದು ಎಳೆ ಉಬ್ಬಿದ್ದರೂ ಹಾಳೆಯಲ್ಲಿ ಅದು ಮೂಡುವುದು.

ಇದನ್ನು ಮಕ್ಕಳಾಟವೆನ್ನುವವರು ಅದೇ ಕಾರ್ಖಾನೆಯ ಇನ್ನೊಂದು ವೃತ್ತಾಂತವನ್ನು ತಿಳಿಯಬೇಕು. ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟಾಂಕರು ಅಲ್ಲಿ ಮಾರುತ ಯುದ್ಧವಿಮಾನವನ್ನು ರಚಿಸುವಾಗ, ಅದರ ಪೂರ್ಣಪ್ರಮಾಣದ ಗ್ಲೈಡರನ್ನು ಮೊದಲು ಮರದಲ್ಲಿಯೇ ಕಟ್ಟಿಸಿ 1959ರಲ್ಲಿ ಹಾರಿಸಿ ನೋಡಿದರು. ಲೋಹದ ಮಾರುತವು ಮೇಲೆದ್ದುದು 1961ರ ಜೂನ್ ತಿಂಗಳಲ್ಲಿ.

ಆಸಕ್ತರು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿರುವ ಎಚ್‌ಟಿ-2ರ ಬಳಿಗೆ ಹೋಗಿ, ಮಡಿಚಿಕೊಳ್ಳದ ಗಾಲಿಕಾಲುಗಳು ರೆಕ್ಕೆಯನ್ನು ಸೇರುವ ಸಂದು, ರೆಕ್ಕೆಯ ಬುಡದ ತಿರುವು ಮೊದಲಾಗಿ ನಕ್ಷೆಗಳು ಸಾಮಾನ್ಯವಾಗಿ ಮರೆಸುವ ಭಾಗಗಳನ್ನು ಮೊದಲು ಚಿತ್ರಿಸಿಕೊಂಡು ಬರುವುದು ಒಳಿತು.