ಟೋಪಿ ಹಾಕಿದ ಭೂತಕಾಲ

ಒಂದೇ ಒಂದು ಟೋಪಿ! ಅದೂ ಎಷ್ಟು ಚಿಕ್ಕದು, ಎರಡು ಕಡ್ಡಿಗಳನ್ನು ತಲೆಗೆ ತಲೆ ತಾಗಿಸಿ ನಿಲ್ಲಿಸಿದಷ್ಟು. ಫ್ರೆಂಚಿನಲ್ಲಿ ಇ, ಯು, ಟಿ ಎಂದು ಮೂರಕ್ಷರ ಬರೆಯಿರಿ: ‘ಅವನ ಬಳಿ ಇತ್ತು’ ಎಂದಾಯಿತು. ಇತ್ತು, ಮುಗಿಯಿತು, ಬೇಕಾದರೆ ಸಾಕ್ಷಿ ಕರೆಯಬಹುದು. ಈಗ ನಡುವಿನ ಯು ತಲೆಯ ಮೇಲೆ ಆ ಟೋಪಿ ಇಡಿ. ಇದ್ದದ್ದು ಇಲ್ಲವಾಗಿ ಹೋಯಿತು! ‘ಇದ್ದಿದ್ದರೆ’ ಕಡೆಗೆ ವಾಲಿಬಿಟ್ಟಿತು. ಕಿವಿಗೆ ಮಾತ್ರ ಎರಡೂ ಒಂದೇ. ತುಟಿಯನ್ನು ಊ ಅನ್ನುವವರ ಹಾಗೆ ಗುಂಡಗೆ ಮಾಡಿಕೊಂಡು ಒಳಗಿನಿಂದ ಈ ಅಂದರೆ ಏನು ಹೊರಡುತ್ತದೋ ಆ ಒಂಟಿ ಸ್ವರ, ಅಷ್ಟೇ. ಕೊನೆಯ ಟಿ ಮೂಕ. ಆದದ್ದಕ್ಕೂ ಆಗದೇ ಹೋದದ್ದಕ್ಕೂ ನಡುವೆ ಕಾಗದದ ಮೇಲಿನ ಆ ಪುಟ್ಟ ಮಾಡು ಬಿಟ್ಟರೆ ಬೇರೆ ಗೋಡೆಯೇ ಇಲ್ಲ. ನಮ್ಮಲ್ಲಿ ಟೋಪಿ ಹಾಕುವುದು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಇದು ಭೂತಕಾಲಕ್ಕೇ ಹಾಕಿದ ಟೋಪಿ.

ಈ ಟೋಪಿಯ ಪದ ಇನ್ನೊಂದು ಕ್ರಿಯೆಯ ಮುಂದೆ ನಿಂತಾಗ ಹುಟ್ಟುವ ಕಾಲದ ಹೆಸರು ‘ಪ್ಲ್ಯು ಕ ಪಾರ್ಫೆ ದ್ಯು ಸುಬ್ಜೊಂಕ್ತೀಫ್’. ಹೆಸರು ಕೇಳಿದರೇ ಪುಸ್ತಕ ಮಡಚಿಡುವ ಮನಸ್ಸಾಗುತ್ತದೆ, ಒಪ್ಪುತ್ತೇನೆ. ಕೊನೆಯ ಪದ ಸಂಭಾವನೆ, ಅಂದರೆ ಆಗಬಹುದಾದದ್ದರ ರೂಪ. ಆದರೆ ಮೊದಲ ಮೂರು ಪದಗಳನ್ನು ಬಿಡಿಸಿ ನೋಡಿ: ಪೂರ್ಣಕ್ಕಿಂತ ಹೆಚ್ಚು. ನಡೆಯದೇ ಹೋದ ಕೆಲಸವನ್ನು ಹೇಳಲು ಬರುವ ರೂಪಕ್ಕೆ ಪೂರ್ಣಕ್ಕಿಂತಲೂ ಹೆಚ್ಚು ಎಂಬ ಬಿರುದು!

ಇನ್ನೂ ತಮಾಷೆ ಎಂದರೆ ಇದು ಸುಲಭ. ಬೆಶರೆಲ್ ಎಂಬ ಕ್ರಿಯಾಪದಗಳ ಪಂಚಾಂಗವೊಂದಿದೆ, ಫ್ರಾನ್ಸಿನ ಶಾಲೆಯ ಮಕ್ಕಳ ಚೀಲದಲ್ಲಿ ಕೂತು ಬಂದದ್ದು. ಅದರಲ್ಲಿ ಸಾವಿರಾರು ಕ್ರಿಯಾಪದಗಳಿವೆ, ಒಂದೊಂದರದೂ ಒಂದೊಂದು ಹಟ. ಈ ಕಾಲಕ್ಕೆ ಬರುವ ಹೊತ್ತಿಗೆ ಎಲ್ಲವೂ ಬಾಲ ಮುದುರಿಕೊಂಡು ಎರಡೇ ಬಾಗಿಲಿನಲ್ಲಿ ಸಾಲುಗಟ್ಟುತ್ತವೆ. ಹೆಚ್ಚಿನವಕ್ಕೆ ‘ಅವುಆರ್’ (ಬಳಿ ಇರು) ಸಹಾಯಕ, ಹೋಗು-ಬಾ-ಉಳಿ ಎಂಬಂಥ ಕೆಲವಕ್ಕೆ ‘ಎತ್ರ್’ (ಇರು). ಅವುಆರ್ ರೂಪಗಳನ್ನು ಜಪದ ಹಾಗೆ ಹೇಳಿಕೊಳ್ಳಿ: ಯುಸ್, ಯುಸ್, ಯು, ಯುಸ್ಯೋಂ, ಯುಸ್ಯೇ, ಯುಸ್. ನಾನು, ನೀನು, ಅವರು ಮೂವರೂ ಕಿವಿಗೆ ಒಂದೇ ಯುಸ್! ಎತ್ರ್ ಬೇಕಾದರೆ ಮುಂದೆ ಒಂದು ಫ ಹಚ್ಚಿ: ಫ್ಯುಸ್, ಫ್ಯುಸ್, ಫ್ಯು. ಹಿಂದೆ ಮುಖ್ಯ ಕ್ರಿಯೆಯ ‘ಆದ’ ರೂಪ ಸೇರಿಸಿದರೆ ಕೆಲಸ ಆಯಿತು. ಒಂದು ಪ್ರಯೋಗ ಮಾಡಿದೆ: ‘ಸಿಲ್ ಯು ಪ್ಲ್ಯು, ನೂ ಫ್ಯುಸ್ಯೋಂ ರೆಸ್ತೆ’. ಮಳೆ ಬಂದಿದ್ದರೆ ನಾವು ಉಳಿದುಕೊಳ್ಳುತ್ತಿದ್ದೆವು. ಷರತ್ತಿಗೂ ಇದೇ ರೂಪ, ಷರತ್ತಿನ ಫಲಕ್ಕೂ ಇದೇ ರೂಪ! ಕ್ಲಿಯೋಪಾತ್ರಳ ಮೂಗು ಮೊಟಕಾಗಿದ್ದಿದ್ದರೆ ಲೋಕದ ಗತಿ ಏನಾಗುತ್ತಿತ್ತು ಎಂದು ಫ್ರೆಂಚ್ ಚಿಂತಕ ಪಾಸ್ಕಲ್ ತರ್ಕಿಸಿದ್ದು ಜಗತ್ತಿಗೇ ಗೊತ್ತು. ಆ ಮೂಗನ್ನು ಮೊಟಕು ಮಾಡಿದ್ದೂ ಇದೇ ಟೋಪಿಯ ರೂಪವೇ.

ಸರಿ, ಟೋಪಿ ಎಲ್ಲಿಂದ ಬಂತು? ಅದರಡಿಯಲ್ಲಿ ಒಂದು ಎಸ್ ಮಲಗಿದೆ. ಹಳೆಯ ಫ್ರೆಂಚರು ಅಲ್ಲಿ ಎಸ್ ಬರೆಯುತ್ತಿದ್ದರು, ಮೊದಮೊದಲು ಉಚ್ಚರಿಸುತ್ತಲೂ ಇದ್ದರು. ನಾಲಿಗೆಯಿಂದ ಅದು ಜಾರಿಹೋದ ಮೇಲೂ ಬರಹ ಅದನ್ನು ಬಿಡಲಿಲ್ಲ. 1740ರಲ್ಲಿ ಫ್ರೆಂಚ್ ಅಕಾಡೆಮಿಯ ನಿಘಂಟಿನ ಮೂರನೇ ಆವೃತ್ತಿ ಇಂಥ ಮೂಕ ಎಸ್‌ಗಳನ್ನು ಕಿತ್ತು, ಕಿತ್ತ ಜಾಗದಲ್ಲಿ ಟೋಪಿ ಇಟ್ಟಿತು. ಇನ್ನೂ ಹಿಂದಕ್ಕೆ, ಲ್ಯಾಟಿನ್ನಿಗೆ ಹೋದರೆ ಎದುರಾಗುವುದು ‘ಹಬುಇಸ್ಸೆತ್’. ಮೈತುಂಬ ಅಕ್ಷರವಿದ್ದ ಆ ಪದ ಸವೆದು ಸವೆದು ಒಂದು ಸ್ವರ, ಒಂದು ಟೋಪಿಗೆ ಬಂದು ನಿಂತಿದೆ.

ಈಗ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಹಬುಇಸ್ಸೆತ್ ಇದೆಯಲ್ಲ, ಅದು ಲ್ಯಾಟಿನ್ನಿನಲ್ಲಿ ಆಗಲೇ ಇದೇ ಕಾಲ! ಪೂರ್ಣಕ್ಕಿಂತ ಹೆಚ್ಚಿನ ಸಂಭಾವನೆಯ ಭೂತ ತಾನೊಂದೇ ಪದವಾಗಿ ನಿಂತಿತ್ತು. ಗಾಲ್ ನಾಡಿನ, ಅಂದರೆ ಇಂದಿನ ಫ್ರಾನ್ಸಿನ, ಜನರ ಬಾಯಲ್ಲಿ ಅದರ ಪಕ್ಕದ ಕುರ್ಚಿ, ಅಂದರೆ ಅಪೂರ್ಣಭೂತದ ಸಂಭಾವನಾ ರೂಪ ಖಾಲಿಯಾಯಿತು. ಇದು ಮೆಲ್ಲಗೆ ಆ ಕುರ್ಚಿಗೆ ಸರಿದು ಕೂತಿತು. ಸರಿ, ಇದರ ಸ್ವಂತ ಕುರ್ಚಿ ಖಾಲಿ! ಅದನ್ನು ತುಂಬಲು ಮತ್ತೆ ಇದನ್ನೇ ಎಬ್ಬಿಸಿ ಹಿಂದೊಂದು ಕೃದಂತ, ಅದೇ ಆ ‘ಆದ’ ರೂಪ, ಕಟ್ಟಿದರು. ‘ಅವನ ಬಳಿ ಇದ್ದಿದ್ದರೆ’ ಅನ್ನಬೇಕಾದಾಗ ಅವುಆರ್ ತನ್ನ ಹೆಗಲ ಮೇಲೆ ತಾನೇ ಹತ್ತಬೇಕು: ‘ಯು-ತ್-ಯು’. ಎಡಕ್ಕೂ ಯು, ಬಲಕ್ಕೂ ಯು, ಎದುರಿಗೆ ಸ್ವರ ಕಂಡದ್ದೇ ನಡುವಿನ ಮೂಕ ಟಿ ಎದ್ದು ಮಾತಾಡುತ್ತದೆ!

ನಾನು ಪೆನ್ನು ಕೆಳಗಿಟ್ಟೆ. ಇದ್ದಿದ್ದರೆ! ಅನುವಾದಕ್ಕೆಂದು ನಾನೇ ಬರೆದ ಪದವನ್ನು ನಾನೇ ನೋಡಿರಲಿಲ್ಲ. ಇದ್ದು, ಅದರ ಮೇಲೆ ಮತ್ತೆ ಇದ್ದರೆ. ನಮ್ಮ ‘ಇರು’ ಕೂಡ ತನಗೆ ತಾನೇ ಸಹಾಯಕ. ‘ಮೊದ್ಲೇ ಹೇಳಿದ್ದಿದ್ರೆ ಬರ್ತಿದ್ದೆ ಕಣೋ’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಫೋನು ಹಿಡಿದು ರೇಗುವವನು ಬೆಶರೆಲ್ ನೋಡಿಲ್ಲ. ಇದ್ದು ಮುಗಿದದ್ದರ ಮೇಲೆ ಇನ್ನೊಂದು ಇದ್ದು ಪೇರಿಸಿದರೆ ನಡೆಯದ ಲೋಕಕ್ಕೆ ಹತ್ತಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟೂ ಇಲ್ಲ. ಒಂದೇ ವ್ಯತ್ಯಾಸ, ನಮ್ಮದು ರಸ್ತೆಯಲ್ಲಿದೆ, ಅವರದು ಕಪಾಟಿನಲ್ಲಿ.

ಹೌದು, ಪ್ಯಾರಿಸ್ಸಿನಲ್ಲಿ ಕಾಫಿ ಕುಡಿಯುತ್ತ ಯಾರೂ ‘ಫ್ಯುಸ್ಯೋಂ’ ಅನ್ನುವುದಿಲ್ಲ. 1901ರ ಫೆಬ್ರವರಿ 26ರ ಸರಕಾರಿ ಆದೇಶವೇ ಪರೀಕ್ಷೆಗಳಲ್ಲಿ ಸಡಿಲಿಕೆ ಕೊಟ್ಟಿತ್ತು: ಅಪೂರ್ಣಭೂತದ ಸಂಭಾವನೆ ಬರಬೇಕಾದ ಕೆಲವು ಕಡೆ ವರ್ತಮಾನ ಬರೆದರೂ ತಪ್ಪೆಣಿಸಬಾರದು ಎಂದು. 1956ರಲ್ಲಿ ಆಲ್ಬರ್ಟ್ ಕಮೂ ‘ಲಾ ಶ್ಯುತ್’ ಬರೆಯುವ ಹೊತ್ತಿಗೆ, ಆಮ್‌ಸ್ಟರ್‌ಡ್ಯಾಮಿನ ಬಾರಿನಲ್ಲಿ ಕೂತ ಅವನ ನಾಯಕ ಇದರ ಒಡಹುಟ್ಟಾದ ಆ ಅಪೂರ್ಣರೂಪವನ್ನು ಬಳಸಿ, ಎದುರಿಗಿದ್ದವನು ಬೆಚ್ಚಿದ್ದು ಕಂಡು, ಅದು ತನ್ನ ದೌರ್ಬಲ್ಯವೆಂದು ಒಪ್ಪಿಕೊಳ್ಳುತ್ತಾನೆ. ಬರೀ ವ್ಯಾಕರಣಕ್ಕೆ ತಪ್ಪೊಪ್ಪಿಗೆ! ಮಾತಿನಲ್ಲಿ ಅದು ತೀರಾ ಅಪರೂಪವಾಗಿತ್ತು ಎನ್ನಲು ಬೇರೆ ಪುರಾವೆ ಬೇಡ.

1990ರಲ್ಲಿ ಕಾಗುಣಿತ ಸುಧಾರಣೆ ಬಂತು. ಐ ಮತ್ತು ಯು ಮೇಲಿನ ಟೋಪಿಗಳು ಇನ್ನು ಕಡ್ಡಾಯವಲ್ಲ ಎಂದರು. ರುಚಿ ಎಂಬ ಪದದ ಟೋಪಿ, ಬೆಲೆ ಎಂಬ ಪದದ ಟೋಪಿ, ಆಗಸ್ಟ್ ತಿಂಗಳ ಟೋಪಿ, ಎಲ್ಲ ಇಳಿಯಬಹುದಾಯಿತು. ಆದರೆ ನಮ್ಮ ಮೂರಕ್ಷರದ ಮೇಲಿನದಕ್ಕೆ ಯಾರೂ ಕೈ ಹಚ್ಚಲಿಲ್ಲ, ನಿಯಮದಲ್ಲೇ ವಿನಾಯಿತಿ ಬರೆದರು. ತೆಗೆದಿದ್ದರೆ, ನಡೆಯದೇ ಹೋದದ್ದೆಲ್ಲ ಒಂದೇ ರಾತ್ರಿಯಲ್ಲಿ ನಡೆದುಬಿಡುತ್ತಿತ್ತಲ್ಲ!

ಕಂಪ್ಯೂಟರಿಗೆ ಫ್ರೆಂಚ್ ಕೀಲಿಮಣೆ ಹಾಕಿಕೊಂಡೆ. ಟೋಪಿಯ ಕೀಲಿ ಪಿ ಅಕ್ಷರದ ಪಕ್ಕದಲ್ಲಿದೆ. ಇ ಒತ್ತಿದೆ, ಬಂತು. ಟೋಪಿ ಒತ್ತಿದೆ, ಪರದೆಯ ಮೇಲೆ ಏನೂ ಬರಲಿಲ್ಲ. ಕೆಟ್ಟಿದೆಯೇನೋ ಅಂದುಕೊಂಡೆ. ಯು ಒತ್ತಿದೆ. ಟೋಪಿ ಹಾಕಿಕೊಂಡೇ ಬಂತು.