ಎಂಎಸ್‌ಡಬ್ಲ್ಯು ಮುಗಿದ ಮೇಲೆ

ಸಮಾಜಕಾರ್ಯಕರ್ತರ ಕಲಿಕೆ ಪದವಿಯೊಂದಿಗೆ ಮುಗಿಯುವುದಿಲ್ಲ. ಅವರು ದಿನವೂ ಬಳಸುವ ಕಾನೂನುಗಳೇ ಬದಲಾಗುತ್ತಿರುತ್ತವೆ. 2010ರಲ್ಲಿ ಎಂಎಸ್‌ಡಬ್ಲ್ಯು ಮುಗಿಸಿದವರಿಗೆ ತರಗತಿಯಲ್ಲಿ ಪೋಕ್ಸೊ ಪಾಠವಾಗಿರಲಿಲ್ಲ. ಆ ಕಾಯ್ದೆ ಬಂದದ್ದೇ 2012ರಲ್ಲಿ. ಬಾಲನ್ಯಾಯ ಕಾಯ್ದೆ 2015ರಲ್ಲಿ ಹೊಸದಾಗಿ ರೂಪುಗೊಂಡಿತು. ಮರುವರ್ಷ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು.

ಕಲಿಕೆ ಹಳತಾದರೆ ಏನಾಗುತ್ತದೆಂಬುದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗೊತ್ತಾಗುತ್ತದೆ. ಕೀಟನಾಶಕ ಕುಡಿದ ಮಗನನ್ನು ಕರೆತಂದವರು, ಜೀವಕ್ಕೆ ಅಪಾಯವಿಲ್ಲ ಎಂದಾದ ಮೇಲೆ ಕೇಳುವ ಮಾತು, ‘ಪೊಲೀಸ್ ಕೇಸ್ ಆಗುತ್ತಾ ಮೇಡಂ?’ ಹಿಂದೆ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆ ಯತ್ನ ಅಪರಾಧವಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 309ನ್ನು ಉಳಿಸಿಕೊಳ್ಳಲಿಲ್ಲ. ಸರ್ಕಾರಿ ನೌಕರರನ್ನು ಮಣಿಸಲು ಮಾಡುವ ಯತ್ನಕ್ಕಷ್ಟೇ ಅಲ್ಲಿ ಶಿಕ್ಷೆ. ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆದುಕೊಂಡ ಮಾತ್ರಕ್ಕೆ ಹುಡುಗ ಆರೋಪಿಯಾಗುವುದಿಲ್ಲ. ಇದನ್ನು ಅರಿಯದ ಕಾರ್ಯಕರ್ತೆ ಹಳೆಯ ಉತ್ತರ ಕೊಟ್ಟರೆ, ಮನೆಯವರು ‘ಔಷಧಿ ಅಂತ ತಪ್ಪಿ ಕುಡಿದ’ ಎಂದು ಬರೆಸಿ ಕರೆದೊಯ್ಯುತ್ತಾರೆ. ಆಪ್ತಸಮಾಲೋಚನೆ ಅಲ್ಲಿಗೇ ತಪ್ಪಿಹೋಗುತ್ತದೆ.

ಇಂಗ್ಲೆಂಡಿನಲ್ಲಿ ಪದವಿಯ ನಂತರದ ಈ ಕಲಿಕೆ ಕಡ್ಡಾಯ. ಅಲ್ಲಿ ನೋಂದಣಿಯಿಲ್ಲದೆ ಸಮಾಜಕಾರ್ಯಕರ್ತರೆಂದು ಹೇಳಿಕೊಳ್ಳುವಂತೆಯೇ ಇಲ್ಲ. 2019ರ ಡಿಸೆಂಬರ್‌ನಿಂದ ಆ ನೋಂದಣಿಯ ಹೊಣೆ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಸಂಸ್ಥೆಯದು. ನವೀಕರಣಕ್ಕೆ ವರ್ಷಕ್ಕೆ ಕನಿಷ್ಠ ಎರಡು ಕಲಿಕೆಗಳನ್ನು ದಾಖಲಿಸಬೇಕು. ಒಂದನ್ನಾದರೂ ಸಹೋದ್ಯೋಗಿಯೊಡನೆ ಚರ್ಚಿಸಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪಡೆದವರು ಎರಡು ವರ್ಷಕ್ಕೊಮ್ಮೆ 36 ಗಂಟೆಗಳ ಲೆಕ್ಕ ಒಪ್ಪಿಸುತ್ತಾರೆ. ಇಂಗ್ಲೆಂಡಿನ ಕ್ರಮವೇ ಮೇಲು. ಗಂಟೆ ತುಂಬಿಸಲು ಹಾಲ್‌ನಲ್ಲಿ ಕೂತಿದ್ದರೆ ಸಾಕು. ಕಲಿತದ್ದರಿಂದ ಕೆಲಸದಲ್ಲಿ ಏನು ಬದಲಾಯಿತೆಂದು ಬರೆಯಲು ಯೋಚಿಸಬೇಕು.

ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣ 1936ರಲ್ಲೇ ಮುಂಬೈಯಲ್ಲಿ ಶುರುವಾಯಿತು. ಆದರೆ ವಕೀಲರಿಗೆ, ನರ್ಸ್‌ಗಳಿಗೆ ಇರುವಂಥ, ಎಲ್ಲ ಸಮಾಜಕಾರ್ಯಕರ್ತರನ್ನೂ ಒಳಗೊಳ್ಳುವ ರಾಷ್ಟ್ರೀಯ ಪರಿಷತ್ತು ಬೆಳೆದು ಬರಲಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ನಿರಂತರ ಶಿಕ್ಷಣದ ಅಂಕಗಳನ್ನು ಕೇಳುತ್ತದೆ, ಆದರೆ ತನ್ನಲ್ಲಿ ನೋಂದಾಯಿಸಿಕೊಂಡ ಪುನರ್ವಸತಿ ವೃತ್ತಿಪರರನ್ನು ಮಾತ್ರ. ಹಳ್ಳಿಯ ಯೋಜನೆಯಲ್ಲೋ ಬಾಲಮಂದಿರದಲ್ಲೋ ದುಡಿಯುವವರನ್ನು ಯಾರೂ ಕೇಳುವುದಿಲ್ಲ.

ತರಬೇತಿಗಳಿಗೇನೂ ಬರವಿಲ್ಲ. ಬ್ಯಾನರ್, ಉದ್ಘಾಟನೆ, ಗ್ರೂಪ್ ಫೋಟೊ, ಸರ್ಟಿಫಿಕೇಟು ಇವುಗಳಲ್ಲೇ ಅರ್ಧ ದಿನ ಕಳೆದುಹೋಗುವ ಕಾರ್ಯಾಗಾರಗಳೂ ಅವುಗಳಲ್ಲಿವೆ. ನಿಜವಾಗಿ ಉಪಯೋಗಕ್ಕೆ ಬರುವುದು ಕೇಸ್ ಚರ್ಚೆ. ಮಗುವಿನ ಸಾಮಾಜಿಕ ತನಿಖಾ ವರದಿಯಲ್ಲಿ ‘ತಂದೆ ಕುಡುಕ, ಮನೆ ಸರಿಯಿಲ್ಲ’ ಎಂದು ಬರೆದುಕೊಂಡು ಬಂದವರನ್ನು ಹಿರಿಯರು ಕೇಳಬೇಕು: ಇದನ್ನು ಹೇಳಿದವರು ಯಾರು? ಅಜ್ಜಿಯನ್ನು ಮಾತಾಡಿಸಿದಿರಾ? ಬೆಂಗಳೂರಿನ ನಿಮ್ಹಾನ್ಸ್ ತನ್ನ ಡಿಜಿಟಲ್ ಅಕಾಡೆಮಿಯ ಮೂಲಕ ವೈದ್ಯರು, ನರ್ಸ್‌ಗಳ ಜೊತೆಗೆ ಸಮಾಜಕಾರ್ಯಕರ್ತರಿಗೂ ಆನ್‌ಲೈನ್‌ನಲ್ಲಿ ಮಾನಸಿಕ ಆರೋಗ್ಯದ ತರಬೇತಿ ನಡೆಸುತ್ತಿದೆ. ಇದರಿಂದ ಪ್ರಯಾಣದ ಖರ್ಚು ಉಳಿಯುತ್ತದೆ. ಸಮಯದ ಸಮಸ್ಯೆ ಬೇರೆಯೇ: ಗುತ್ತಿಗೆಯ ಮೇಲಿರುವ ಕಾರ್ಯಕರ್ತೆಗೆ ತಿಂಗಳ ಮನೆಭೇಟಿಗಳ ಗುರಿ ಇರುತ್ತದೆ, ಕಲಿಯಲು ಕೂತ ದಿನ ಆ ಗುರಿಯೇನೂ ಕಡಿಮೆಯಾಗುವುದಿಲ್ಲ.